ಸೀನಪ್ಪನ ಕೈ ಎತ್ತಿದವರು ಯಾರು?

ಚಿನ್ನಗುಟ್ಟಹಳ್ಳಿಯ ಸೀನಪ್ಪ ಹುಟ್ಟಿದ್ದು 1966ನೆಯ ಇಸವಿಯ ಆಗಸ್ಟ್ 9ರಂದು, ಮಂಗಳವಾರ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಜೂನ್ 1 ಎಂದಿದೆ. ಅದು ಆ ಕಾಲದ ಉಪಾಧ್ಯಾಯರು ಊರಿನ ಸಮಸ್ತ ಮಕ್ಕಳಿಗೂ ಸಮನಾಗಿ ಹಂಚುತ್ತಿದ್ದ ಜನ್ಮದಿನ. ಸೀನಪ್ಪನ ತಾಯಿ ಅಮ್ಮಾಜಮ್ಮನವರು ಒಮ್ಮೆ ನನ್ನೆದುರು, "ಸ್ಕೂಲಾಗೆ ಬಾವುಟ ಆರ್ಸಿ ಮಿಠಾಯಿ ಕೊಟ್ಟ ದಿನ ಇವನಿಗೆ ಸರ್ಯಾಗಿ ಆರು ದಿನ ತುಂಬಿತ್ತು ಸಾಮಿ" ಎಂದು ಬಾಯಿಬಿಟ್ಟದ್ದರಿಂದ ನಿಜವಾದ ದಿನಾಂಕ ಸಿಕ್ಕಿತು. ವಾರವನ್ನು ನಾನೇ ಲೆಕ್ಕ ಹಾಕಿ ತೆಗೆದೆ.

ಊರಿನ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗುವ ರಸ್ತೆಯ ಬದಿಯಲ್ಲಿರುವ ಈ ಊರಿನ 'ಚಿನ್ನ' ತೆಲುಗಿನದು. ಸಣ್ಣ ಗುಡ್ಡದ ಹಳ್ಳಿ ಎಂದಷ್ಟೇ ಅರ್ಥ. ಕನ್ನಡದ ಚಿನ್ನವೆಂದು ತಿಳಿದು ಆ ಗುಡ್ಡವನ್ನು ಮೂರು ಕಡೆ ಅಗೆದವರಿದ್ದಾರೆ. ಆ ಗುಂಡಿಗಳಲ್ಲಿ ಈಗ ಎಮ್ಮೆಗಳು ಮಲಗುತ್ತವೆ.

ನಾನು ಆ ಊರಿನ ಶಾಲೆಗೆ ವರ್ಗವಾಗಿ ಬಂದದ್ದು 1975ರ ಜೂನ್ 2, ಸೋಮವಾರ. ಸೀನಪ್ಪ ಆಗ ನಾಲ್ಕನೆಯ ತರಗತಿ. ಮುಂದಿನ ನಾಲ್ಕು ವರ್ಷ ಅವನು ನನ್ನ ಕಣ್ಣೆದುರಿಗೇ ಕುಳಿತಿದ್ದ, ಮತ್ತು ಆ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ. ದಡ್ಡನೆಂದಲ್ಲ. ಕೇಳಿದರೆ ಉತ್ತರ ಹೇಳುತ್ತಿದ್ದ. ನೀರು ಕುಡಿಯಲು ಹೊರಗೆ ಹೋಗಬೇಕಾದಾಗಲೂ ಪಕ್ಕದಲ್ಲಿದ್ದ ಸೊಣ್ಣಪ್ಪನೆಂಬ ಗೆಳೆಯನ ಮೊಣಕೈ ಹಿಡಿದು ಮೇಲಕ್ಕೆತ್ತಿ, "ಸಾರ್, ಇವನಿಗೆ ದಾಹ, ಜೊತೇಗೆ ನಾನೂ ಓಗ್ತೀನಿ" ಎನ್ನುತ್ತಿದ್ದ. ಕೈ ಎತ್ತುವ ವಿಷಯದಲ್ಲಿ ಇಷ್ಟು ಜಿಪುಣನಾಗಿದ್ದ ಮನುಷ್ಯ ಮುಂದೆ ಕೈ ಎತ್ತಿದ ಕಾರಣಕ್ಕೇ ಸಂಸಾರವನ್ನು ಸಂಕಟಕ್ಕೆ ಸಿಕ್ಕಿಸಿಕೊಂಡನೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1988ರಲ್ಲಿ ಅವನು ಕೆ.ಜಿ.ಎಫ್.ನ ಚಿನ್ನದ ಗಣಿಗೆ ಸೇರಿದ. ನೆಲದಡಿಯಲ್ಲಿ ಅದಿರಿನ ಟ್ರಾಲಿ ತಳ್ಳುವ ಕೆಲಸ. 1991ರ ಮೇ 24, ಶುಕ್ರವಾರ ಗಂಗರತ್ನಮ್ಮನನ್ನು ಮದುವೆಯಾದ. 2001ರಲ್ಲಿ ಗಣಿ ಮುಚ್ಚಿತು. ಕೊನೆಯ ಪಾಳಿ ಮುಗಿಸಿ ಮೇಲೆ ಬಂದ ದಿನಾಂಕ ಯಾವುದೆಂದು ಕೇಳಿದರೆ, "ಅದ್ಯಾವನಿಗ್ ಗ್ಯಾನ ಸಾರ್, ಬಿಸ್ಲಿತ್ತು" ಎನ್ನುತ್ತಾನೆ. ಇದು ನನಗೆ ಇಂದಿಗೂ ಬೇಸರದ ಸಂಗತಿ. ಅಲ್ಲಿಂದೀಚೆಗೆ ಗಂಡ ಹೆಂಡತಿ ಹಸು ಕಟ್ಟಿಕೊಂಡು ಬದುಕಿದರು. ಬೆಳಗ್ಗೆ ಸೀನಪ್ಪ ಮೊಪೆಡ್ಡಿನ ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡು ಗಣಿ ಬಡಾವಣೆ ಕೋರಮಂಡಲ್ಲಿನ ಮನೆಮನೆಗೆ ಹಾಲು ಹಾಕುತ್ತಿದ್ದ. ಮಿಕ್ಕ ಎಲ್ಲ ಕೆಲಸವನ್ನೂ ಗಂಗರತ್ನಮ್ಮ ಮಾಡುತ್ತಿದ್ದಳು.

ಅವನ ಎಡಗೈ ಮೊದಲ ಬಾರಿ ತಾನಾಗಿ ಮೇಲೆದ್ದದ್ದು 2024ರ ಮಾರ್ಚ್ 11, ಸೋಮವಾರ, ಬೆಳಗ್ಗೆ ಹತ್ತರ ಸುಮಾರಿಗೆ. ಸೀನಪ್ಪ ರಸ್ತೆಯ ಬದಿಯ ಅರಳಿಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದ. ಎಡಗೈ ಸೆಟೆದುಕೊಂಡು ನಿಧಾನವಾಗಿ ನೆಟ್ಟಗೆ ಆಕಾಶಕ್ಕೆ ಎದ್ದಿತು. ಅವನಿಗೆ ಎಚ್ಚರವಿತ್ತು, ಮಾತು ಇತ್ತು, ಕೈ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಸುಮಾರು ನಲವತ್ತು ಸೆಕೆಂಡು ಹಾಗೇ ಇದ್ದು ತಾನಾಗಿ ಇಳಿಯಿತು. ಅಷ್ಟರಲ್ಲಿ ಬಂಗಾರಪೇಟೆಯ ಬಸ್ಸು ಕಿರ್ರೆಂದು ಬಂದು ನಿಂತಿತ್ತು.

ಕಂಡಕ್ಟರ್ ಮುನೀಂದ್ರ ಬಾಗಿಲಲ್ಲಿ ನೇತಾಡುತ್ತ, "ಅತ್ತಯ್ಯಾ ಬಿರ್‍ರನೆ!" ಎಂದ.

"ನಾನು ಬರಲ್ಲಪ್ಪ" ಎಂದ ಸೀನಪ್ಪ.

"ಮತ್ತೆ ಕೈ ಯಾಕ್ ಎತ್ದೆ?"

"ನಾನ್ ಎತ್ತಿಲ್ಲ. ಅದೇ ಎತ್ಕೊಂತು."

"ಓ, ಅದೇ ಎತ್ಕೊಂತಾ? ಅಂಗಾರೆ ನಮ್ ಬಸ್ಸೂ ಅದೇ ನಿಂತ್ಕೊಂತು. ರೈಟ್ ರೈಟ್!"

ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ವಾರಕ್ಕೆ ಎರಡು ಮೂರು ಸಲ ನಡೆಯಿತು. ಆಂಡರ್ಸನ್‌ಪೇಟೆಯ ವೃತ್ತದಲ್ಲಿ ಒಮ್ಮೆ ಕೈ ಎದ್ದಾಗ ನಾಲ್ಕು ಆಟೋಗಳು ಏಕಕಾಲಕ್ಕೆ ಬಂದು ಸೀನಪ್ಪನನ್ನು ಸುತ್ತುವರಿದವು. ಮದುವೆಯ ಊಟದಲ್ಲಿ ಕೈ ಎದ್ದರೆ ಪಾಯಸದವನು ಓಡಿಬರುತ್ತಿದ್ದ. ಈ ಒಂದು ಸಂದರ್ಭದಲ್ಲಿ ಮಾತ್ರ ಸೀನಪ್ಪ ತಕರಾರು ಮಾಡಲಿಲ್ಲ. ಕೈ ತಾನಾಗಿ ಏಳುತ್ತದೆಂಬ ಅವನ ಮಾತನ್ನು ಊರಿನಲ್ಲಿ ಒಬ್ಬರೂ ನಂಬಲಿಲ್ಲ. ಗಂಗರತ್ನಮ್ಮನಂತೂ, "ಕೆಲಸ ಮಾಡು ಅಂದ್ರೆ ಏಳ್ದೇ ಇರೋ ಕೈ, ಪಾಯ್ಸಕ್ಕೆ ಏಳ್ತದಾ?" ಎಂದು ಕೇಳಿ ಮುಂದಿನ ಕೆಲಸಕ್ಕೆ ಹೋಗಿದ್ದಳು.

ಹೀಗಿರುವಾಗ 2024ರ ಜೂನ್ 16, ಭಾನುವಾರ ಬಂದಿತು.

ಆ ಊರಿನಲ್ಲಿ ಹಸು ಸಾಕುವವರದೊಂದು ಸಂಘವಿದೆ. ಸರ್ಕಾರದ್ದಲ್ಲ, ಹುಲ್ಲು, ಬೂಸಾ ಒಟ್ಟಿಗೆ ತರಿಸಿಕೊಳ್ಳಲು ಊರಿನವರೇ ಕಟ್ಟಿಕೊಂಡದ್ದು. ಸದಸ್ಯರು ನಲವತ್ತೊಂದು. ಅಧ್ಯಕ್ಷರಾದವರ ಸೊಂಟದಲ್ಲಿ ಬೂಸಾ ಗೋದಾಮಿನ ಬೀಗದ ಕೈ ಇರುತ್ತದೆ. ಗಂಗರತ್ನಮ್ಮನಿಗೆ ಆ ಬೀಗದ ಕೈಯ ಮೇಲೆ ಒಂಬತ್ತು ವರ್ಷಗಳಿಂದ ಕಣ್ಣಿತ್ತು. ಆ ಬಾರಿ ಅವಳೂ, ಸೀನಪ್ಪನ ಬಾಲ್ಯದ ಗೆಳೆಯ ಸೊಣ್ಣಪ್ಪನೂ ಎದುರುಬದುರು ನಿಂತರು. ಅಲ್ಲಿ ಚುನಾವಣೆ ಎಂದರೆ ಕೈ ಎತ್ತುವುದು. ಯಾವ ಕಡೆಗೂ ಸೇರದವನೆಂದು, ಕೈ ಎಣಿಸುವ ಕೆಲಸವನ್ನು ನನಗೆ ವಹಿಸಿದ್ದರು.

ಸಭೆ ಸೇರಿದ್ದು ಬೂಸಾ ಗೋದಾಮಿನಲ್ಲಿ. ಬೆಳಗ್ಗೆ 11 ಗಂಟೆ 17 ನಿಮಿಷಕ್ಕೆ, "ಸೊಣ್ಣಪ್ಪನ ಪರವಾಗಿರುವವರು ಕೈ ಎತ್ತಿ" ಎಂದೆ. ಎಣಿಸಿದೆ. ಇಪ್ಪತ್ತು. ಅಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಕೈ ನಿಧಾನವಾಗಿ, ಬಹಳ ಗಾಂಭೀರ್ಯದಿಂದ ಮೇಲೇರಿತು. ಇಪ್ಪತ್ತೊಂದು. ಆ ಕೈಯ ಕೆಳಗೆ ಸೀನಪ್ಪನ ಮುಖವಿತ್ತು.

ಆಮೇಲೆ ಗಂಗರತ್ನಮ್ಮನ ಸರದಿ. ಸೀನಪ್ಪ ಮತ್ತೊಂದು ಕೈಯನ್ನು ಬೇಗ ಬೇಗ ಎತ್ತಿ, "ಸಾರ್, ಇದು ನಂದು! ಮೊದ್ಲಿಂದು ನಂದಲ್ಲ!" ಎಂದು ಕೂಗಿದ. ಒಬ್ಬ ಸದಸ್ಯನಿಗೆ ಒಂದೇ ಕೈ ಎಂಬುದು ನಿಯಮ. ನಾನು ಎರಡನೆಯ ಕೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಂಗರತ್ನಮ್ಮ ಇಪ್ಪತ್ತು, ಸೊಣ್ಣಪ್ಪ ಇಪ್ಪತ್ತೊಂದು. ಒಂದು ಕೈಯಲ್ಲಿ ಅವಳು ಸೋತಳು, ಆ ಕೈಗೆ ಮೂವತ್ತಮೂರು ವರ್ಷದಿಂದ ಅವಳೇ ಮುದ್ದೆ ಬಡಿಸಿದ್ದಳು.

ಊರಿನಲ್ಲಿ ಕಾರಣವೂ ಸಿದ್ಧವಾಯಿತು. ಜೂನ್ 6ರಂದು ಸೊಣ್ಣಪ್ಪನ ಮನೆಯಲ್ಲಿ ನಾಟಿ ಕೋಳಿ ಸಾರು ಮಾಡಿದ್ದರು. ಸೀನಪ್ಪ ಹೋಗಿ ಉಂಡಿದ್ದ. "ಒಂದು ಕೋಳಿ ಕಾಲಿಗೆ ಎಂಡ್ತೀನ ಮಾರಿಕೊಂಡ" ಎಂದರು. ಸೀನಪ್ಪ, "ಕಾಲಲ್ಲ, ಕತ್ತು ಆಕಿದ್ರು" ಎಂದು ತಿದ್ದಿದ್ದು ಏನೂ ಉಪಯೋಗಕ್ಕೆ ಬರಲಿಲ್ಲ.

ಆ ಸಂಜೆಯಿಂದ ಗಂಗರತ್ನಮ್ಮ ಗಂಡನೊಡನೆ ಮಾತು ಬಿಟ್ಟಳು. ಪೂರ್ತಿಯಾಗಿ ಬಿಟ್ಟಳೆನ್ನುವುದು ತಪ್ಪಾದೀತು. ಹೇಳಬೇಕಾದದ್ದನ್ನೆಲ್ಲ ಹಸುವಿಗೆ ಹೇಳುತ್ತಿದ್ದಳು. ಆ ಹಸುವಿನ ಹೆಸರು ಗೌರಿ, ಏಳು ತಿಂಗಳ ಗಬ್ಬ.

"ಗೌರೀ, ಸ್ನಾನಕ್ಕೆ ನೀರ್ ಕಾದಿದೆ ಅಂತ ಏಳು."

ಸೀನಪ್ಪನೂ ಅದೇ ದಾರಿ ಹಿಡಿಯಬೇಕಾಯಿತು. "ಗೌರೀ, ಸೋಪು ಎಲ್ಲೈತೆ ಅಂತ ಕೇಳು."

"ಸೋಪು ಸೊಣ್ಣಪ್ಪನ ಮನೇಲೈತೆ, ಓಗಿ ಕೈ ಎತ್ತಿ ಇಸ್ಕೊಂಬಾ ಅಂತ ಏಳಮ್ಮ ಗೌರಿ."

ಒಂದು ವಾರ ಹೀಗೆ ಕಳೆದ ಮೇಲೆ ಅವಳು ಒಂದು ದಾರಿ ತೋರಿಸಿದಳು, ಹಸುವಿನ ಮೂಲಕವೇ: "ಗೌರೀ, ಕೈ ತಾನಾಗೇ ಎತ್ಕೊಂತದೆ ಅನ್ನೋ ದೊಡ್ಡ ಮನುಷ್ಯರು ಡಾಕ್ಟ್ರ ಅತ್ರ ಓಗಿ ಅಂಗಂತ ಬರೆಸ್ಕೊಂಡು ಬರ್ಲಿ. ಆಮೇಲೆ ಮಾತಾಡಾನ."

ಸೀನಪ್ಪ ನನ್ನ ಮನೆಗೆ ಬಂದು ಕಣ್ಣಲ್ಲಿ ನೀರು ತಂದುಕೊಂಡ. "ಸಾರ್, ಅಸು ಜೊತೆ ಎಷ್ಟು ದಿನ ಅಂತ ಸಂಸಾರ ಮಾಡ್ಲಿ? ಅದೂ ಬೇಜಾರಾಗಿ ಮುಖ ತಿರುಗಿಸ್ತದೆ."

ಜೂನ್ 24, ಸೋಮವಾರ ನಾನು, ಸೀನಪ್ಪ ಮತ್ತು ಗಂಗರತ್ನಮ್ಮನ ತಮ್ಮ ನಾಗೇಶ್ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ರೈಲಿನಲ್ಲಿ ಹೋದೆವು. ನಾಗೇಶನನ್ನು ಅಕ್ಕನೇ ಕಳಿಸಿದ್ದಳು, ಭಾವನ ಮೇಲೆ ಕಣ್ಣಿಡಲು. ನರರೋಗದ ವೈದ್ಯೆ ಡಾಕ್ಟರ್ ಶ್ಯಾಮಲ ಎಲ್ಲವನ್ನೂ ನಗದೆ ಕೇಳಿಸಿಕೊಂಡರು. ಆ ಒಂದು ಕಾರಣಕ್ಕೇ ಸೀನಪ್ಪ ಅವರಿಗೆ ಕೈ ಮುಗಿದ. ಅಂದೇ ತಲೆಯ ಎಂ.ಆರ್.ಐ. ಆಯಿತು, ಮರುದಿನ ತಲೆಗೆ ತಂತಿ ಅಂಟಿಸಿ ಇ.ಇ.ಜಿ. ತೆಗೆದರು. ಜೂನ್ 26ರಂದು ವೈದ್ಯೆ ಚಿತ್ರವನ್ನು ಮುಂದಿಟ್ಟು ವಿವರಿಸಿದರು.

"ನೋಡಿ, ಇದು ನಿಮ್ಮ ಮಿದುಳಿನ ಬಲಭಾಗ. ಇಲ್ಲೊಂದು ಅಭಿಧಮನಿ, ಅಂದರೆ ಕೆಲಸ ಮುಗಿಸಿದ ರಕ್ತವನ್ನು ಹಿಂದಕ್ಕೆ ಒಯ್ಯುವ ನಾಳ, ಹುಟ್ಟಿನಿಂದಲೇ ಸ್ವಲ್ಪ ಬೇರೆ ಥರ ಬೆಳೆದಿದೆ. ಸಣ್ಣ ಸಣ್ಣ ಕವಲುಗಳು ಕೊಡೆಯ ಕಡ್ಡಿಗಳ ಹಾಗೆ ಬಂದು ಒಂದು ದಪ್ಪ ನಾಳಕ್ಕೆ ಸೇರಿಕೊಂಡಿವೆ."

ಗಣಿಯಲ್ಲಿ ದುಡಿದವನಿಗೆ ಬಂಡೆಯೊಳಗಿನ ನಾಳವೆಂದರೆ ಒಂದೇ ಅರ್ಥ, ಚಿನ್ನ. ಸೀನಪ್ಪನ ಕಣ್ಣರಳಿತು. "ಎಷ್ಟು ಆಳದಾಗೈತೆ ಮೇಡಂ?"

"ಮೂರೂವರೆ ಸೆಂಟಿಮೀಟರ್."

"ಇಷ್ಟೇನಾ! ನಾನು ಸಾವ್ರಾರು ಅಡಿ ಇಳ್ದು ಬಂದೋನು. ತೆಗ್ದು ಬಿಸಾಕಿ."

"ತೆಗೆಯುವ ಹಾಗಿಲ್ಲ" ಎಂದರು ವೈದ್ಯೆ. "ಸುತ್ತಲಿನ ಒಳ್ಳೆಯ ಮಿದುಳಿನ ರಕ್ತವೂ ಅದರ ಮೂಲಕವೇ ಹೊರಗೆ ಹೋಗಬೇಕು. ಅಲ್ಲದೆ ಇಂಥ ನಾಳ ಎಷ್ಟೋ ಜನರಲ್ಲಿರುತ್ತದೆ, ಏನೂ ತೊಂದರೆ ಕೊಡದೆ ಸುಮ್ಮನಿರುತ್ತದೆ. ಕೈ ಏಳುವುದಕ್ಕೆ ಇದೇ ಕಾರಣವೋ, ಅಥವಾ ಇದು ಪಾಪ ಸುಮ್ಮನೆ ಪಕ್ಕದಲ್ಲಿ ನಿಂತಿದೆಯೋ ಎಂದು ತಿಳಿಯಬೇಕು. ಸುತ್ತಲಿನ ಮಿದುಳು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡೋಣ. ಪೆಟ್ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ. ಆರು ಗಂಟೆ ಕಾಲ ಏನೂ ತಿಂದಿರಬಾರದು." ಒಂದು ಚೀಟಿ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ ನಾನು ಔಷಧದ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಚೀಟಿಯನ್ನು ಓದಿದವನು ನಾಗೇಶ್. ಓದಿ ಬಹಳ ಸಂತೋಷಪಟ್ಟ. "ಭಾವ, ಇದಕ್ಯಾಕೆ ಬೆಂಗಳೂರು? ಪೇಟ್ ಸ್ಕ್ಯಾನು ಅಂತ ಬರೆದವ್ರೆ. ಪಿ, ಇ, ಟಿ. ನಮ್ ಬಂಗಾರಪೇಟೆ ಸ್ಟೇಷನ್ ಬೋರ್ಡಿನಾಗೆ ಇಂಗ್ಲೀಷ್ನಾಗೆ ಕೊನೇ ಮೂರು ಅಕ್ಷರ ಅದೇ ಕಣ್ ಭಾವ!"

"ಲೇ, ಪೇಟೆ ಅಂದ್ರೆ ಆಂಡರ್ಸನ್‌ಪೇಟೆ ಕಣ್ಲಾ" ಎಂದ ಸೀನಪ್ಪ. "ಗಣಿಯೋರು ಯಾರನ್ನಾದ್ರೂ ಕೇಳು. ಬಸ್ಸಿನ ಬೋರ್ಡಿನಾಗೂ ಅದೇ ಮೂರಕ್ಷರ."

ಈ ವಾದ ರೈಲಿನಲ್ಲಿ ವೈಟ್‌ಫೀಲ್ಡ್‌ನಿಂದ ಮಾಲೂರಿನವರೆಗೆ ನಡೆಯಿತು. ನಾನು ನಿದ್ರೆ ಹೋಗಿದ್ದೆ. ಇಲ್ಲವಾದರೆ ಮುಂದಿನ ಪ್ರಸಂಗ ನಡೆಯುತ್ತಿರಲಿಲ್ಲ.

ಜೂನ್ 29, ಶನಿವಾರ. ಸೀನಪ್ಪ ಬೆಳಗ್ಗೆಯಿಂದ ಉಪವಾಸವಿದ್ದು, ನನಗೆ ತಿಳಿಸದೆ, ನಾಗೇಶನೊಡನೆ ಆಂಡರ್ಸನ್‌ಪೇಟೆಯ ಒಂದು ಸಣ್ಣ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದ. ಅಲ್ಲಿ ಬೆಂಚಿನ ತುಂಬ ಬಸುರಿಯರು. ಸೀನಪ್ಪ ಅವರ ನಡುವೆ ಜಾಗ ಮಾಡಿಕೊಂಡು ಕುಳಿತ. ಮೇಜಿನ ಹಿಂದೆ ಪುಷ್ಪ ಎಂಬಾಕೆ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು.

"ಎತ್ತನ ಮಾಸಂ?" ಎಂದು ತಮಿಳಿನಲ್ಲಿ ಕೇಳಿದಳು, ಎಷ್ಟು ತಿಂಗಳು ಎಂದು.

ಮಾರ್ಚ್‌ನಿಂದ ಲೆಕ್ಕ ಹಾಕಿ ಸೀನಪ್ಪ, "ಮೂರೂವರೆ" ಎಂದ.

"ಪೇಷಂಟ್ ಹೆಸರು?"

"ಸೀನಪ್ಪ."

"ಗಂಡನ ಹೆಸ್ರಲ್ಲಪ್ಪ, ಪೇಷಂಟ್ದು."

"ಅದೇ, ನಂದೇ."

ಆಗ ಪುಷ್ಪ ತಲೆ ಎತ್ತಿದಳು. ಅವಳು ಗೋಡೆಯ ಮೇಲಿನ ಫಲಕವನ್ನು ತೋರಿಸಿದಳು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳುವುದಿಲ್ಲ, ಅದು ಅಪರಾಧ, ಎಂದು ಅದರಲ್ಲಿತ್ತು.

ಸೀನಪ್ಪ ಅದನ್ನು ಅಕ್ಷರ ಬಿಡದೆ ಓದಿ, "ಗಂಡೋ ಎಣ್ಣೋ ಕೇಳಾಕೆ ಬಂದಿಲ್ಲ ತಾಯಿ, ಎಡವೋ ಬಲವೋ ಏಳಿ ಸಾಕು" ಎಂದ.

ಬೆಂಚಿನ ಮೇಲಿದ್ದ ಬಸುರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ನಕ್ಕರೆ ಇಲ್ಲೇ ಹೆರಿಗೆಯಾದೀತೆಂದು ಪುಷ್ಪ ಇಬ್ಬರನ್ನೂ ಹೊರಗೆ ಕಳಿಸಿದಳು.

"ನಾ ಏಳ್ಲಿಲ್ವಾ ಭಾವ, ಪೇಟೆ ಅಂದ್ರೆ ಬಂಗಾರಪೇಟೆ" ಎಂದು ನಾಗೇಶ್ ಗೆದ್ದವನಂತೆ ಅವನನ್ನು ಅದೇ ಖಾಲಿ ಹೊಟ್ಟೆಯಲ್ಲಿ ಬಂಗಾರಪೇಟೆಗೆ ಕರೆದೊಯ್ದ. ಅಲ್ಲಿನ ಎಕ್ಸ್‌ರೇ ಅಂಗಡಿಯ ಸುಬ್ರಮಣಿ ಎಂಬುವನು ಚೀಟಿಯನ್ನು ಎರಡು ಸಲ ಓದಿ, ಇಬ್ಬರಿಗೂ ಟೀ ತರಿಸಿ, ನಿಧಾನವಾಗಿ ತಿಳಿಸಿದ: "ಇದು ಪೇಟೆ ಅಲ್ಲಣ್ಣ, ಮಿಷಿನ್ ಹೆಸ್ರು. ಬೆಂಗಳೂರಾಗೇ ಐತೆ. ನೀವು ಆಸ್ಪತ್ರೇಲಿ ಇನ್ನೊಂದು ಬಾಗಿಲು ದಾಟಿದ್ರೆ ಅಲ್ಲೇ ಸಿಗ್ತಿತ್ತು."

ಟೀ ಕುಡಿದದ್ದರಿಂದ ಉಪವಾಸವೂ ಕೆಟ್ಟಿತು.

ಜುಲೈ 8, ಸೋಮವಾರ ಮತ್ತೆ ಬೆಂಗಳೂರಿಗೆ ಹೋದೆವು. ಈ ಬಾರಿ ಚೀಟಿ ನನ್ನ ಜೇಬಿನಲ್ಲಿತ್ತು. ಮೊದಲು ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿದರು. ಬಳಿಕ ಕವಿತ ಎಂಬ ನರ್ಸ್, ಸೀಸದ ದಪ್ಪ ಡಬ್ಬಿಯೊಳಗಿಂದ ಸಿರಿಂಜನ್ನು ತೆಗೆದು ಚುಚ್ಚುಮದ್ದು ಕೊಟ್ಟರು. ಅದು ಒಂದು ಬಗೆಯ ಸಕ್ಕರೆಯಂತೆ. ಅತ್ಯಲ್ಪ ವಿಕಿರಣ ಬೆರೆಸಿದ್ದು. ಮಿದುಳಿನ ಆಹಾರವೇ ಸಕ್ಕರೆ. ಚೆನ್ನಾಗಿ ದುಡಿಯುವ ಭಾಗ ಹೆಚ್ಚು ತಿನ್ನುತ್ತದೆ, ಚಿತ್ರದಲ್ಲಿ ಉರಿಯುವ ಬಣ್ಣದಲ್ಲಿ ಕಾಣುತ್ತದೆ. ದುಡಿಯದ ಭಾಗ ಕಡಿಮೆ ತಿಂದು ಮಂಕಾಗಿ ಕಾಣುತ್ತದೆ. ಇಷ್ಟನ್ನು ಆಕೆ ಬಹಳ ಅಚ್ಚುಕಟ್ಟಾಗಿ ಹೇಳಿದರು. ಉಪಾಧ್ಯಾಯಿನಿಯಾಗಬೇಕಾಗಿದ್ದವರು.

"ಈಗ ಮುಕ್ಕಾಲು ಗಂಟೆ ಈ ಮಬ್ಬು ಕೋಣೆಯಲ್ಲಿ ಮಲಗಿರಬೇಕು. ಮಾತಾಡಬಾರದು, ಫೋನ್ ನೋಡಬಾರದು. ಕಷ್ಟವಾಗುತ್ತದೆಯೇ?"

"ಇಲ್ಲಮ್ಮ" ಎಂದ ಸೀನಪ್ಪ. "ಮನೇಲಿ ಮೂರು ವಾರದಿಂದ ಅದೇ ಅಭ್ಯಾಸ. ಇಲ್ಲಿ ಅಸೂನೂ ಇಲ್ಲ, ಇನ್ನೂ ಸುಲಭ."

ಸ್ಕ್ಯಾನ್ ಮುಗಿದ ಮೇಲೆ, ಮೈಯಲ್ಲಿ ಇನ್ನೂ ಸ್ವಲ್ಪ ವಿಕಿರಣ ಉಳಿದಿರುತ್ತದೆ, ಕೆಲವು ಗಂಟೆ ಬಸುರಿಯರಿಂದಲೂ ಎಳೆಯ ಮಕ್ಕಳಿಂದಲೂ ದೂರವಿರಬೇಕೆಂದು ಹೇಳಿ ಕಳಿಸಿದರು. ಈ ಸುದ್ದಿಯನ್ನು ನಾಗೇಶ್ ಫೋನಿನಲ್ಲಿ ಮೊದಲೇ ಊರಿಗೆ ಮುಟ್ಟಿಸಿದ್ದ. ಸಂಜೆ ಸೀನಪ್ಪ ಮನೆಗೆ ಬರುವಷ್ಟರಲ್ಲಿ ಗಂಗರತ್ನಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಗೌರೀ, ನೀನು ಗಬ್ಬ. ಇವತ್ತು ಕೆಲವ್ರು ನಿನ್ ಅತ್ರ ಬರಂಗಿಲ್ಲ" ಎಂದಳು.

ಹೀಗೆ ಆ ರಾತ್ರಿಯ ಮಟ್ಟಿಗೆ ಸೀನಪ್ಪನಿಗೆ ಇದ್ದ ಒಬ್ಬ ಮಧ್ಯಸ್ಥೆಯೂ ಇಲ್ಲವಾದಳು. ಅವನು ಊಟ ಬೇಕೆಂದು ಯಾರಿಗೆ ಹೇಳಬೇಕೆಂದು ತಿಳಿಯದೆ ಅಂಗಳದ ತುಳಸಿಗಿಡಕ್ಕೆ ಹೇಳಿದನಂತೆ.

ಜುಲೈ 10, ಬುಧವಾರ ವೈದ್ಯೆ ಬಣ್ಣಬಣ್ಣದ ಚಿತ್ರವನ್ನು ತೋರಿಸಿದರು. ಮಿದುಳೆಲ್ಲ ಹಳದಿ, ಕೆಂಪು. ಬಲಗಡೆ, ಆ ಕೊಡೆಯಾಕಾರದ ನಾಳದ ಸುತ್ತ ಮಾತ್ರ ಒಂದು ನೀಲಿ ಮಚ್ಚೆ.

"ನೋಡಿ, ಇಲ್ಲಿ ಸಕ್ಕರೆ ಖರ್ಚಾಗುತ್ತಿಲ್ಲ. ಬೇರೆ ಸಮಯದಲ್ಲಿ ಮಂಕಾಗಿರುವ ಈ ಜಾಗ ಆಗಾಗ ಥಟ್ಟನೆ ಕೆರಳುತ್ತದೆ. ಇ.ಇ.ಜಿ.ಯೂ ಇದೇ ಜಾಗದ ಕಡೆ ಬೆರಳು ಮಾಡುತ್ತಿದೆ. ಮಿದುಳಿನ ಬಲಭಾಗ ನಡೆಸುವುದು ಎಡಗೈಯನ್ನು. ಹಾಗಾಗಿ ಇದು ಮೂರ್ಛೆರೋಗದ ಒಂದು ಸಣ್ಣ ಬಗೆ. ದಿನಕ್ಕೆ ಎರಡು ಮಾತ್ರೆ ತೆಗೆದುಕೊಳ್ಳಿ. ನಾನು ಹೇಳುವವರೆಗೆ ಗಾಡಿ ಓಡಿಸಬೇಡಿ."

ಸೀನಪ್ಪ ನೀಲಿ ಮಚ್ಚೆಯನ್ನು ಬಹಳ ಪ್ರೀತಿಯಿಂದ ನೋಡಿದ. "ಅಂಗಾರೆ ಎತ್ತಿದ್ದು ನಾನಲ್ಲ ಅಂತ ಬರ್ಕೊಡ್ತೀರಾ ಮೇಡಂ?"

"ಎಡಗೈ ಎದ್ದರೆ ಹೀಗೆ ಆಗಿರುವ ಸಾಧ್ಯತೆ ಇದೆ ಎಂದು ಬರೆಯಬಲ್ಲೆ. ಜೂನ್ ಹದಿನಾರರಂದು ಏನಾಯಿತೆಂದು ಈ ಯಂತ್ರ ಸಾಕ್ಷಿ ಹೇಳುವುದಿಲ್ಲ" ಎಂದರು. ನಿಖರವಾದ ಮಾತು. ನನಗೆ ಬಹಳ ಹಿಡಿಸಿತು.

ಆದರೆ ತೊಂದರೆ ಶುರುವಾದದ್ದೂ ಅದೇ ಮಾತಿನಿಂದ. ಅಂದು ಸಂಜೆ ಅಂಗಳದಲ್ಲಿ ನಾನು ವರದಿಯನ್ನು ಓದಿ ಕನ್ನಡದಲ್ಲಿ ಹೇಳಿದೆ. ನಾಳ ಬಲಗಡೆ, ಮಂಕಾದ ಜಾಗ ಬಲಗಡೆ, ಏಳುವುದು ಎಡಗೈ. ಸೊಣ್ಣಪ್ಪನೂ ಬಂದು ಕೇಳುತ್ತಿದ್ದ. ಗಂಗರತ್ನಮ್ಮ ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ಮುಖ ಇನ್ನೇನು ಸಡಿಲವಾಗುತ್ತಿತ್ತು.

ಅಷ್ಟರಲ್ಲಿ ನಾಗೇಶ್ ಫೋನ್ ತೆಗೆದು, "ತಡಿ ಸಾರ್, ಆವತ್ತು ನಾನೊಂದು ಸೆಲ್ಫಿ ತೆಗೆದಿದ್ದೆ" ಎಂದ.

ಚಿತ್ರದಲ್ಲಿ ಮುಂದೆ ನಾಗೇಶನ ಹಲ್ಲು, ಪಕ್ಕದಲ್ಲಿ ಗಂಗರತ್ನಮ್ಮ, ಹಿಂದೆ ಇಡೀ ಸಭೆ. ಸೊಣ್ಣಪ್ಪ ತನಗೆ ತಾನೇ ಕೈ ಎತ್ತಿದ್ದ. ಆದ್ದರಿಂದ ಅದು ಮೊದಲನೆಯ ಎಣಿಕೆಯೇ. ಮೂಲೆಯಲ್ಲಿ ಸೀನಪ್ಪ. ಎದ್ದಿದ್ದದ್ದು ಅವನ ಬಲಗೈ.

"ಬಲಗೈ!" ಎಂದ ನಾಗೇಶ್. "ಡಾಕ್ಟ್ರು ಎಡಗೈ ಅಂದವ್ರೆ. ಬಲಗೈ ಅಂದ್ರೆ ಭಾವ ಬೇಕೂ ಅಂತ್ಲೇ ಎತ್ತವ್ನೆ. ಸ್ಕ್ಯಾನೇ ಇಡಿದು ಕೊಡ್ತಲ್ಲ ಅಕ್ಕ!"

ಸೀನಪ್ಪ ತನ್ನ ಎರಡೂ ಕೈಗಳನ್ನು ಹೊಸದಾಗಿ ಕಂಡವನಂತೆ ನೋಡಿಕೊಂಡ. "ಇಲ್ಲ ಕಣ್ಲಾ, ಎಡಗೈಯೇ ಕಣ್ಲಾ..." ಎಂದ. ನನ್ನನ್ನು ಕೇಳಿದರು. ಯಾವ ಕೈ ಎಂದು ನಾನು ಗುರುತು ಹಾಕಿಕೊಂಡಿರಲಿಲ್ಲ, ಎಣಿಸಿದ್ದೆ, ಅಷ್ಟೆ. ಈಗ ನನ್ನ ಎಣಿಕೆಯ ಪುಸ್ತಕದಲ್ಲಿ ಅದಕ್ಕೊಂದು ಪ್ರತ್ಯೇಕ ಕಲಮು ಇದೆ, ಆದರೆ ಅಂದು ಇರಲಿಲ್ಲ. ಅಲ್ಲಿ ನೆರೆದವರಲ್ಲಿ ಅರ್ಧ ಜನ ಎಡ ಎಂದರು, ಅರ್ಧ ಜನ ಬಲ ಎಂದರು, ಒಬ್ಬರು ಕಾಲು ಎಂದರು.

ಗಂಗರತ್ನಮ್ಮ ತಮ್ಮನ ಕೈಯಿಂದ ಫೋನನ್ನು ಕಿತ್ತುಕೊಂಡಳು. ಗಂಡನ ಕೈಯನ್ನು ನೋಡಲಿಕ್ಕೆಂದೇ ತೆಗೆದುಕೊಂಡದ್ದು. ಆದರೆ ತನ್ನ ಮುಖವಿರುವ ಚಿತ್ರವನ್ನು ಕೈಗೆ ತೆಗೆದುಕೊಂಡಮೇಲೆ ಯಾರೇ ಆಗಲಿ ಮೊದಲು ನೋಡುವುದು ಏನನ್ನು? ಅವಳು ಹುಬ್ಬು ಗಂಟಿಕ್ಕಿದಳು. ಮೂಗು ಮುಟ್ಟಿಕೊಂಡಳು. ಮತ್ತೆ ಚಿತ್ರ ನೋಡಿದಳು.

"ಲೇ ನಾಗೇಶ, ನನ್ ಮೂಗುಬೊಟ್ಟು ಎಡಗಡೆ ಎಂಗ್ಲಾ ಬಂತು?"

ಅವಳ ಮೂಗುಬೊಟ್ಟು ಬಲಗಡೆ. ಹನ್ನೆರಡನೆಯ ವಯಸ್ಸಿನಿಂದ ಬಲಗಡೆಯೇ ಇದೆ. ಅದು ಸುತ್ತ ನಾಲ್ಕು ಹಳ್ಳಿಗೆ ಗೊತ್ತು. ನಾನು ಕನ್ನಡಕ ಸರಿಪಡಿಸಿಕೊಂಡು ಚಿತ್ರವನ್ನು ಹತ್ತಿರ ಹಿಡಿದೆ. ಹಿಂದೆ ಒಟ್ಟಿದ್ದ ಬೂಸಾ ಚೀಲಗಳ ಮೇಲಿನ ಅಕ್ಷರಗಳೆಲ್ಲ ತಿರುಗುಮುರುಗಾಗಿದ್ದವು. ಸೊಣ್ಣಪ್ಪನ ಅಂಗಿಯ ಜೇಬು ಬಲಗಡೆಗೆ ಬಂದಿತ್ತು. ನಾಗೇಶನ ಫೋನು ಕನ್ನಡಿಯಂತೆ ಎಡವನ್ನು ಬಲ ಮಾಡಿ ತೋರಿಸಿತ್ತು. ಎದ್ದಿದ್ದದ್ದು ಎಡಗೈಯೇ.

ಅಂಗಳದಲ್ಲಿ ಗದ್ದಲವೆದ್ದಿತು. ಸೊಣ್ಣಪ್ಪ ಜೋರಾಗಿ ನಕ್ಕು, "ಅಂಗಾರೆ ಆ ಕೋಳಿ ಸಾರು ದಂಡವಾಯ್ತಲ್ಲೋ ಸೀನ!" ಎಂದ. ಆಮೇಲೆ ಗಂಭೀರನಾಗಿ ಬೀಗದ ಕೈಯನ್ನು ನನ್ನ ಮುಂದಿಟ್ಟ. "ಕಾಯ್ಲೆ ಕೈಲಿ ಗೆಲ್ಲೋದು ಬೇಡ ಸಾರ್. ಇನ್ನೊಂದು ಕಿತ ಎಣಿಸ್ಬಿಡಿ." ಇದು ಅವನ ದೊಡ್ಡತನ, ಇಲ್ಲಿ ದಾಖಲಿಸುವುದು ನನ್ನ ಕರ್ತವ್ಯ.

ಸೀನಪ್ಪ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅವಳ ತುಟಿ ಅಲುಗಿತು. ಆದರೆ ಬಿಂಕ ಅಷ್ಟು ಸುಲಭವಾಗಿ ಇಳಿಯುವಂಥದ್ದಲ್ಲ. ಹಸುವಿನ ಕಡೆ ತಿರುಗಿ, "ಗೌರೀ, ಎಣ್ಕೆ ಆಗ್ಲಿ, ಆಮೇಲೆ ನೋಡಾನ ಅಂ‌ತ ಏಳು" ಎಂದು ಒಳಗೆ ಹೋದಳು.

ಎರಡನೆಯ ಎಣಿಕೆ ನಡೆದದ್ದು ಜುಲೈ 28, ಭಾನುವಾರ, ರಸ್ತೆಯ ಬದಿಯ ಅರಳಿಕಟ್ಟೆಯಲ್ಲಿ. ಮಾತ್ರೆ ಶುರುಮಾಡಿದ ಮೇಲೆ ಕೈ ಎರಡೇ ಸಲ ಎದ್ದಿತ್ತು, ಅದೂ ಅರ್ಧಕ್ಕೆ. ಆದರೂ ಸೀನಪ್ಪನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಅವನು ಕಟ್ಟೆಯ ಅಂಚಿನಲ್ಲಿ ಕುಳಿತು, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಿಂದ ಅದರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಹುತ್ತದ ಬಾಯಿ ಕಾಯುವವನಂತೆ ಅದನ್ನೇ ನೋಡುತ್ತಿದ್ದ.

"ಸೊಣ್ಣಪ್ಪನ ಪರ ಇರುವವರು ಕೈ ಎತ್ತಿ" ಎಂದೆ. ಇಪ್ಪತ್ತು. ಎಲ್ಲರ ಕಣ್ಣೂ ಸೀನಪ್ಪನ ಮಡಿಲ ಮೇಲೆ. ಎಡಗೈ ಸುಮ್ಮನೆ ಮಲಗಿತ್ತು. ಜನ ಉಸಿರು ಬಿಟ್ಟರು.

"ಗಂಗರತ್ನಮ್ಮನ ಪರ ಇರುವವರು ಕೈ ಎತ್ತಿ."

ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತು.

ಸೀನಪ್ಪ ಇನ್ನೂ ಎಡಗೈಯನ್ನು ಹಿಡಿದುಕೊಂಡು ಕುಳಿತಿದ್ದ. ಎಡಗೈ ಎಲ್ಲಿ ಏಳುತ್ತದೋ ಎಂಬ ಚಿಂತೆಯಲ್ಲಿ ಬಲಗೈ ಎಂಬುದೊಂದು ತನಗಿದೆ ಎನ್ನುವುದನ್ನೇ ಮರೆತಿದ್ದ. ನಿಯಮದ ಪ್ರಕಾರ ನಾನು ಹೇಳಿಕೊಡುವ ಹಾಗಿರಲಿಲ್ಲ. "ಮುಗಿಯಿತೇ? ಇನ್ನು ಯಾರೂ ಇಲ್ಲವೇ?" ಎಂದು ಎರಡು ಬಾರಿ ಕೇಳಿದೆ. ಅಷ್ಟೇ ನನ್ನಿಂದ ಸಾಧ್ಯವಿದ್ದದ್ದು. ಪುಸ್ತಕದಲ್ಲಿ ಬರೆಯಲು ಪೆನ್ನಿನ ಮುಚ್ಚಳ ತೆಗೆದೆ.

ನಲವತ್ತೆರಡು ದಿನಗಳ ಮೌನ ಆಗ ಮುರಿಯಿತು.

"ಯೋವ್!" ಎಂದು ಗಂಗರತ್ನಮ್ಮ ಎದ್ದು ನಿಂತು ಅರಳಿಮರದ ಕಾಗೆಗಳು ಹಾರುವಂತೆ ಕೂಗಿದಳು. "ಆ ಕೈ ಬಿಟ್ಟು ಈ ಕೈ ಎತ್ತಯ್ಯಾ! ನನ್ ಗಂಡ ಆಗಿ ನೀನು ಇನ್ನೆಷ್ಟು ಕಿತ ನನ್ನ ಸೋಲಿಸ್ಬೇಕು ಅಂತಿದ್ದೀಯ?"

ಸುತ್ತಮುತ್ತ ಹಸುವಿರಲಿಲ್ಲ. ಮಾತು ನೇರವಾಗಿ ಬಂದಿತ್ತು. ಸೀನಪ್ಪ ಬೆಚ್ಚಿ ತಲೆ ಎತ್ತಿದ. ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದೊಡನೆ ಅವನ ಮುಖ ಅಗಲವಾಯಿತು. ಬಲಗೈ ಮಡಿಲಿನಿಂದ ಛಂಗನೆ ಹಾರಿ ಮೇಲೆದ್ದಿತು. ಇಪ್ಪತ್ತೊಂದು. ಬಲ, ಎಂದು ಹೊಸ ಕಲಮಿನಲ್ಲಿ ಬರೆದುಕೊಂಡೆ. ಸಮಯ 11 ಗಂಟೆ 52 ನಿಮಿಷ.

ಎಣಿಕೆ ಮುಗಿದು, ಬೀಗದ ಕೈ ಗಂಗರತ್ನಮ್ಮನ ಸೊಂಟ ಸೇರಿದರೂ ಸೀನಪ್ಪ ಕೈ ಇಳಿಸಲಿಲ್ಲ. "ಇಳ್ಸಯ್ಯಾ ಸಾಕು" ಎಂದು ಅವಳು ಮತ್ತೊಮ್ಮೆ ನೇರವಾಗಿ ಹೇಳಿದಳು. ಅದನ್ನು ಇನ್ನೊಂದು ಸಲ ಕೇಳಬೇಕೆಂದೋ ಏನೋ, ಅವನು ಆಗಲೂ ಇಳಿಸಲಿಲ್ಲ.

ಬಂಗಾರಪೇಟೆಯ ಬಸ್ಸು ಕಿರ್ರೆಂದು ಬಂದು ಕಟ್ಟೆಯ ಮುಂದೆ ನಿಂತಿತು. ಮುನೀಂದ್ರ ಬಾಗಿಲಲ್ಲಿ ನೇತಾಡುತ್ತ ಹಣೆ ಚಚ್ಚಿಕೊಂಡ. "ಏನಯ್ಯಾ, ಈ ಕಿತಾನೂ ಅದೇ ಎತ್ಕೊಂತಾ?"

"ಇಲ್ಲ, ಓಗಪ್ಪಾ ಓಗು" ಎಂದ ಸೀನಪ್ಪ, ಕೈಯನ್ನು ಇನ್ನಷ್ಟು ಮೇಲಕ್ಕೆತ್ತಿ. "ಇದು ನಾನೇ ಎತ್ತಿರಾದು."